ಐವತ್ತೊಂದು ಮೆಂತೆಕಾಳು

ಇಪ್ಪತ್ತೇಳನೆಯ ಸುತ್ತೋ ಇಪ್ಪತ್ತೆಂಟನೆಯದೋ ಎನ್ನುವುದು ಗುಡಿಯೊಳಗಿನ ಬಸವಣ್ಣನಿಗೂ ಗೊತ್ತಿದ್ದಂತಿರಲಿಲ್ಲ. ಸುಂದರವ್ವ ಗುಡಿಯ ಹಿಂದಿನ ಗೋಡೆಯ ಮರೆಯಲ್ಲಿ ನಿಂತು ಎಡಗೈಯ ಮುಷ್ಟಿಯನ್ನು ಅರ್ಧ ಬಿಚ್ಚಿ ನೋಡಿದಳು. ಸೆರಗಿನ ಗಂಟಿನಲ್ಲಿ ಐವತ್ತೊಂದು ಮೆಂತೆಕಾಳು ಕಟ್ಟಿಕೊಂಡು ಬರುವುದು, ಒಂದು ಸುತ್ತಿಗೆ ಒಂದರಂತೆ ಎಡಗೈಗೆ ದಾಟಿಸುವುದು, ಕೊನೆಗೆ ಅಷ್ಟನ್ನೂ ಬಾಯಿಗೆ ಹಾಕಿ ಜಗಿದು ನುಂಗುವುದು ಅವಳ ನಿತ್ಯದ ಪೂಜೆ. ಇವತ್ತು ಅಂಗೈ ಬೆವತು ಕಾಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲೇ ಎಣಿಸುತ್ತ ತಡಮಾಡಿದರೆ ಪೂಜಾರಿ ಅಯ್ಯನವರು ಏನೆಂದುಕೊಂಡಾರು. ಅವರು ಹೊಸ್ತಿಲ ಬಳಿ ಚೆಂಡುಹೂ ಬಿಡಿಸುತ್ತ ಕೂತಿದ್ದರು. ಅವಳು ಎದುರಿಗೆ ಹಾದುಹೋದಾಗಲೆಲ್ಲ ಭಕ್ತಿಗೆ ಮೆಚ್ಚಿ ಮೆಲ್ಲಗೆ ತಲೆ ಅಲ್ಲಾಡಿಸುತ್ತಿದ್ದರು. ಎರಡು ವರ್ಷದಿಂದ ದಿನಕ್ಕೆ ಐವತ್ತೊಂದು ಸಲ ಆ ತಲೆಯ ಮುಂದೆ ಹಾದುಹೋಗುವುದು ಅವಳಿಗೆ ನಡಿಗೆಗಿಂತ ದೊಡ್ಡ ಆಯಾಸವಾಗಿತ್ತು. ಇಪ್ಪತ್ತೇಳು ಎಂದೇ ಹಿಡಿದಳು. ದೇವರಿಗೆ ಒಂದು ಸುತ್ತು ಹೆಚ್ಚಾದರೆ ನಷ್ಟವಿಲ್ಲ, ರಕ್ತಕ್ಕೆ ಕಡಿಮೆಯಾದರೆ ಇದೆ.

ಬೈಲಹೊಂಗಲದಲ್ಲಿ ಗಂಡಸು ಬರಿಗೈಯಲ್ಲಿ ನಡೆದರೆ ಅದು ವಾಕಿಂಗ್, ಹೆಂಗಸು ಬರಿಗೈಯಲ್ಲಿ ನಡೆದರೆ ಮನೆಯಲ್ಲಿ ಏನೋ ಜಗಳ. ಡಾಕ್ಟರು ದಿನಕ್ಕೆ ಮುಕ್ಕಾಲು ತಾಸು ನಡೆಯಿರಿ ಎಂದ ಮೊದಲ ವಾರ ಅವಳು ಸವದತ್ತಿ ರಸ್ತೆಯಲ್ಲಿ ನಡೆದು ನೋಡಿದ್ದಳು. ಎತ್ತ ಹೊಂಟ್ರಿ ಎಂದು ನಾಲ್ಕು ಜನ ಕೇಳಿದರು, ಐದನೆಯವನು ಸೈಕಲ್ ನಿಲ್ಲಿಸಿ, ಗಂಡ ಮಡಿವಾಳೆಪ್ಪ ಏನಾದರೂ ಅಂದನೇನು, ನಾ ಬಂದು ಬುದ್ಧಿ ಹೇಳಲೇನು ಎಂದ. ಆಮೇಲೆ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೊರಟಳು. ಆದರೆ ಡಾಕ್ಟರ ಲೆಕ್ಕಕ್ಕೆ ನಡಿಗೆ ಸಾಲಬೇಕೆಂದರೆ ಮೂರು ಗಿರಣಿ ದಾಟಿ ನಾಲ್ಕನೆಯದಕ್ಕೆ ಹೋಗಬೇಕಿತ್ತು, ಆ ಮೂವರೂ ತಮ್ಮ ಹಿಟ್ಟಿನಲ್ಲಿ ಏನು ಖೋಡಿ ಕಂಡಿರಿ ಎಂದು ಗಂಡನನ್ನು ನಿಲ್ಲಿಸಿ ಕೇಳಿದರು. ಕೊನೆಗೆ ಉಳಿದದ್ದು ದೇವರು. ಈಶ್ವರನ ಗುಡಿ ಮನೆಗೆ ಹತ್ತಿರ, ಆದರೆ ಅಲ್ಲಿ ಅಭಿಷೇಕದ ನೀರಿನ ಕಾಲುವೆ ದಾಟುವಂತಿಲ್ಲ, ಅರ್ಧಕ್ಕೇ ಹಿಂದಿರುಗಬೇಕು. ಹೀಗಾಗಿ ಅವಳು ಶಿವನನ್ನು ಬಿಟ್ಟು ಅವನ ಎತ್ತನ್ನು ಹಿಡಿದಳು. ಬರಿಗಾಲಲ್ಲಿ ನಡೆಯಬೇಡಿ ಎಂದಿದ್ದರು ಡಾಕ್ಟರು. ಕೆರವು ಹೊರಗಿಡು ಎನ್ನುತ್ತಾನೆ ಬಸವಣ್ಣ. ಇಬ್ಬರ ನಡುವೆ ಅವಳೇ ರಾಜಿ ಮಾಡಿಸಿದಳು: ಮನೆಗೆ ಹೋದ ಮೇಲೆ ಹಿತ್ತಲ ಕಲ್ಲಿನ ಮೇಲೆ ಕೂತು ಕಾಲಡಿ ಕನ್ನಡಿ ಹಿಡಿದು, ಮುಳ್ಳೋ ಗೀರೋ ಇದೆಯೇ ಎಂದು ಅಂಗಾಲು ನೋಡಿಕೊಳ್ಳುವುದು. ಐವತ್ತರ ಹತ್ತಿರದ ಹೆಂಗಸು ಅಂಗಾಲಿಗೆ ಕನ್ನಡಿ ಹಿಡಿಯುವುದನ್ನು ನೋಡಿ ಬಾಜೂ ಮನೆಯ ಬೆಕ್ಕು ಕೂಡ ಮುಖ ತಿರುಗಿಸಿತ್ತು.

ಅವಳ ರೋಗವನ್ನು ಮೊದಲು ಗುರುತು ಹಿಡಿದದ್ದು ಇರುವೆಗಳು. ಬಚ್ಚಲ ಮೂಲೆಯಲ್ಲಿ ಸಾಲುಗಟ್ಟಿ, ಹಬ್ಬಕ್ಕೆ ಹೊರಟವರಂತೆ ಬಂದಿದ್ದವು. ಅವಳು ಅರಿಶಿನ ಹಾಕಿದಳು, ಬೂದಿ ಹಾಕಿದಳು, ಅವು ಅರಿಶಿನವನ್ನೂ ದಾಟಿ ಬಂದವು. ಡಾಕ್ಟರು ಮೂತ್ರ ಬಾಟಲಿಯಲ್ಲಿ ಹಿಡಿದುಕೊಂಡು ಬನ್ನಿ ಎಂದಾಗ ಮನೆಯಲ್ಲಿ ಇದ್ದದ್ದು ಖಾಲಿ ಜೇನುತುಪ್ಪದ ಬಾಟಲಿ; ಚೀಟಿ ಕಿತ್ತರೆ ಬರಲಿಲ್ಲ. ಅದನ್ನು ಪೇಪರಿನಲ್ಲಿ ಸುತ್ತಿ ಬಜಾರದಲ್ಲಿ ಹೋಗುವಾಗ ಹೆಡ್‌ಮಾಸ್ತರರ ಹೆಂಡತಿ ಎದುರಾಗಿ, ಪೇಪರು ಸರಿಸಿ ನೋಡಿ, ಎಲ್ಲಿ ಸಿಕ್ತ್ರಿ ಇದು, ಬಣ್ಣ ಚಲೋ ಐತಿ ಎಂದಿದ್ದಳು. ಆ ಮಾತು ಇವತ್ತಿಗೂ ಮೂವತ್ತನೆಯ ಸುತ್ತಿನ ಹೊತ್ತಿಗೆ ನೆನಪಾಗಿ, ಸುಂದರವ್ವನ ಕಿವಿ ಬಿಸಿಯಾಗುತ್ತದೆ. ಡಾಕ್ಟರು ತಪಾಸಣೆಯ ಚೀಟಿಯಿಂದ ತಲೆ ಎತ್ತದೆ “ಮಧುಮೇಹ” ಎಂದರು. ಅವಳು, “ಮಧು ನನ್ನ ಮಗಳ್ರಿ, ಆಕಿ ಆರಾಮ ಅದಾಳ” ಎಂದಳು. ಕಂಪೌಂಡರ್ ನಕ್ಕ. ಡಾಕ್ಟರು ಅವಳನ್ನು ಬಿಟ್ಟು ಗಂಡನ ಕಡೆ ತಿರುಗಿ, ಇವರಿಗೆ ಸಕ್ಕರಿ ಐತ್ರಿ ಎಂದರು, ಎತ್ತಿನ ಕಾಲು ಕುಂಟುತ್ತದೆ ಎಂದು ಮಾಲಕನಿಗೆ ಹೇಳುವಂತೆ. ದಿನಕ್ಕೊಂದು ಗುಳಿಗೆ ಬರೆದರು, ಸಕ್ಕರಿ ಬಿಡ್ರಿ ಎಂದರು. ಅವಳು ಬಿಟ್ಟಳು. ಎರಡು ತಿಂಗಳು ಚಹಾಕ್ಕೆ ಬೆಲ್ಲ, ಹಾಲಿಗೆ ಬೆಲ್ಲ, ಸುಮ್ಮನೆ ಕೂತಾಗ ಕೊಬ್ಬರಿಯ ಜೊತೆ ಬೆಲ್ಲ. ಮತ್ತೆ ಹೋದಾಗ ಸಕ್ಕರೆ ಮೊದಲಿಗಿಂತ ಹೆಚ್ಚಾಗಿತ್ತು. “ಬೆಲ್ಲ ಸಕ್ಕರಿ ಅಲ್ಲಲ್ರಿ” ಎಂದು ಅವಳು ವಾದಿಸಿದಾಗ ಅವರು ಮೊದಲ ಸಲ ಅವಳ ಮುಖ ನೋಡಿದರು. “ಅವ್ವಾ, ನಿಮ್ಮ ಅಜ್ಜಿ ಏನು ಉಣತಿದ್ದರು?” ಎಂದು ಕೇಳಿದರು. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಹತ್ತರಕಿ ಸೊಪ್ಪು, ಅಗಸಿ ಹಿಂಡಿ, ಮಜ್ಜಿಗೆ ಎಂದಳು. “ಅದನ್ನ ಉಣ್ರಿ. ಅನ್ನ ಒಂದ ಮುಷ್ಟಿ. ನಿಮ್ಮ ಅಜ್ಜಿ ಹೊಲದಾಗ ದುಡೀತಿದ್ದರು, ನೀವು ಕುಂತ ಟೀವಿ ನೋಡತೀರಿ, ಅದಕ್ಕ ನಡೀರಿ.” ಇಷ್ಟು ಹೇಳಲಿಕ್ಕೆ ಇವರು ಇಷ್ಟು ವರ್ಷ ಓದಬೇಕಾಯಿತೇ ಎಂದು ಅವಳಿಗೆ ಅನ್ನಿಸಿತ್ತು. ಅಜ್ಜಿಯ ಮೇಲೂ ಸ್ವಲ್ಪ ಸಿಟ್ಟು ಬಂದಿತ್ತು. ಸತ್ತ ಮೇಲೂ ಗೆದ್ದಳಲ್ಲ ಎಂದು.

ಮನೆಗೆ ಬಂದ ಮೇಲೆ ಮಡಿವಾಳೆಪ್ಪ ಬಾಗಿಲು ಹಾಕಿ, ತಾನು ಕೆಲಸ ಮಾಡುವ ಹೈಸ್ಕೂಲಿನ ಕಚೇರಿಯಲ್ಲಿ ಗುಪ್ತ ಕಾಗದ ಓದುವ ದನಿಯಲ್ಲಿ ಹೇಳಿದ್ದ: “ಮಧುಂದು ಲಗ್ನ ಆಗೂತನಕ ಈ ಮಾತು ಈ ನಾಕ ಗ್ವಾಡಿ ದಾಟಬಾರದು. ತಾಯಿಗೆ ಇದ್ದರ ಮಗಳಿಗೂ ಬರತೈತಿ ಅಂತಾರ. ಮಧುಗೂ ಹೇಳಬ್ಯಾಡ, ಆಕಿ ಬಾಯಾಗ ಏನೂ ನಿಲ್ಲೂದಿಲ್ಲ.” ಅವನು ಹೇಳಿದ್ದು ಸುಳ್ಳೇನಾಗಿರಲಿಲ್ಲ. ಓಣಿಯ ತುದಿಯ ಲಕ್ಕಪ್ಪ ಮಾಸ್ತರರ ಮಗಳಿಗೆ ರಾಮದುರ್ಗದ ಸಂಬಂಧ ಕೂಡಿ ಬಂದಿತ್ತು. ತಾಯಿಗೆ ಸಕ್ಕರೆ ಇದೆಯೆಂದು ಯಾರೋ ಅಂದರು, ಆಮೇಲೆ ರಾಮದುರ್ಗದಿಂದ ಬಸ್ಸು ಬಿಟ್ಟರೆ ಬೇರೇನೂ ಬರಲಿಲ್ಲ. ಹಾಗೆ ಮುಚ್ಚಿಟ್ಟುಕೊಂಡೇ ಒಂದು ಕುಬಸದ ಮನೆಯಲ್ಲಿ ಅವಳು ಸಿಕ್ಕಿಬಿದ್ದಳು. ಹೋಳಿಗೆಯ ಮೇಲೆ ತುಪ್ಪ ಸುರಿದು, ತಿನ್ನದಿದ್ದರೆ ಬಸುರಿಯ ಆಣೆ ಎಂದು ನಾಲ್ವರು ಹೆಂಗಸರು ಮುತ್ತಿಗೆ ಹಾಕಿದಾಗ ಬಾಯಿಗೆ ಬಂದದ್ದು ಅದೊಂದೇ ಮಾತು: “ಹರಕಿ ಐತ್ರೆವಾ. ಮಧುನ ಲಗ್ನ ಆಗೂತನಕ ಸೀ ಮುಟ್ಟೂದಿಲ್ಲಂತ ಹೊತ್ತೇನಿ.” ಹೆಂಗಸರ ಕೈ ಗಾಳಿಯಲ್ಲೇ ನಿಂತಿತು, ಒಬ್ಬಳ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಗುಡಿ ಸುತ್ತುವುದೂ ಆ ಹರಕೆಯ ಲೆಕ್ಕಕ್ಕೇ ಸೇರಿತು. ಸುಳ್ಳು ಇಷ್ಟು ಸುಲಭವಾಗಿ ಊರಿಗೇ ಪಥ್ಯವಾಗುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಒಬ್ಬರೂ ಮತ್ತೆ ಸಿಹಿ ಬಡಿಸಲಿಲ್ಲ. ಅಡಿಗೆಮನೆಯಲ್ಲಿ ಮಧು ಮಾತ್ರ ಅವಳ ಹೆಗಲಿಗೆ ಗದ್ದ ಊರಿ, “ನೀ ನನ್ನ ಸಲುವಾಗಿ ಸೀ ಬಿಟ್ಟೀದಿ, ನಾ ನಿನ್ನ ಸಲುವಾಗಿ ಚಾದಾಗ ಸಕ್ಕರಿ ಬಿಡತೇನಿ ಬಿಡವಾ” ಎಂದಿದ್ದಳು. ಆ ಹೊತ್ತಿನಲ್ಲಿ ಸುಂದರವ್ವನಿಗೆ ನಾಚಿಕೆಯಾಯಿತು. ಹುಡುಗಿಗೆ ಒಳ್ಳೆಯದೇ ಆಯಿತು ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಅನ್ನಿಸಿದ್ದಕ್ಕೆ ಮತ್ತೊಮ್ಮೆ ನಾಚಿಕೆಯಾಯಿತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಕಾಳಿನ ಕೋಣೆಯ ಬಾಗಿಲ ಹಿಂದೆ ನಿಂತು, ಬೆರಳ ತುದಿಯಷ್ಟು ಬೆಲ್ಲವನ್ನು ನಾಲಿಗೆಯಡಿ ಇಟ್ಟುಕೊಂಡು ಕಣ್ಣು ಮುಚ್ಚಿದ ದಿನಗಳೂ ಇದ್ದವು.

ಆ ಸುಳ್ಳಿಗೆ ಇವತ್ತು ಹನ್ನೊಂದು ಗಂಟೆಗೆ ಆಯುಷ್ಯ ಮುಗಿಯುವುದಿತ್ತು. ಸವದತ್ತಿಯಿಂದ ಬೀಗರು ಬಂದು ಸಕ್ಕರೆ ಹಾಕುವವರಿದ್ದರು. ಎರಡೂ ಮನೆಯ ಹಿರಿಯರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರೆ ಮುಗಿಯಿತು, ಆಮೇಲೆ ಮಾತು ತಿರುಗುವಂತಿಲ್ಲ; ಊರಿನ ಲೆಕ್ಕದಲ್ಲಿ ಲಗ್ನ ಆದ ಹಾಗೆಯೇ, ಹರಕೆಯೂ ತೀರಿದ ಹಾಗೆಯೇ. ಹಾಕಿಸಿಕೊಳ್ಳದ ಬಾಯಿ ಒಲ್ಲೆ ಎಂದ ಬಾಯಿ. ಹುಡುಗ ಶ್ರೀಶೈಲ ಕಿತ್ತೂರಿನ ಹೈಸ್ಕೂಲಿನಲ್ಲಿ ಮಾಸ್ತರ. ಕನ್ಯೆ ನೋಡಲು ಬಂದ ದಿನ ಅವನು ನಿಮಗೇನು ಕೇಳೂದೈತಿ ಎಂದಾಗ ಮಧು, ನಿಮ್ಮ ಬಟ್ಟಿ ಯಾರು ಒಗೀತಾರು ಎಂದು ಕೇಳಿದ್ದಳು. ಸದ್ಯಕ್ಕ ನಾನ ಎಂದಿದ್ದ. ಅವತ್ತಿನಿಂದ ಹುಡುಗಿ ಒಬ್ಬಳೇ ಇದ್ದಾಗ ನಗುತ್ತಾಳೆ. ಮತ್ತು ಈ ಸಂಬಂಧ ಹುಡುಕಿಕೊಂಡು ಬಂದದ್ದೇ ಹರಕೆಯ ದೆಸೆಯಿಂದ. ಹುಡುಗನ ತಾಯಿ ಬಾಳವ್ವನ ಅಕ್ಕ ಗುಡಿಯ ಎದುರಿಗಿರುವವಳು, ಇಂಥ ತಾಯಿಯ ಮಗಳನ್ನು ಬಿಡಬೇಡ ಎಂದು ಹೇಳಿ ಕಳಿಸಿದ್ದಳಂತೆ. ನಿಜ ಹೇಳಿದರೆ ಮಗಳ ನಗು ಹೋದೀತು. ಹೇಳದಿದ್ದರೆ ಹರಕೆ ತೀರಿದವಳ ಬಾಯಿಗೆ ಊರಿನವರೆಲ್ಲ ಇವತ್ತು ಎರಡು ವರ್ಷದ ಸಿಹಿಯನ್ನು ಒಂದೇ ಸಲ ತುರುಕಿಯಾರು, ನಾಳೆಯಿಂದ ಗುಡಿ ಸುತ್ತಲಿಕ್ಕೂ ಕಾರಣವಿರದು. ನಲವತ್ತನೆಯ ಸುತ್ತಿನಲ್ಲಿ, ಬೇವಿನ ನೆರಳು ಕಾಲ ಮೇಲೆ ಬಿದ್ದ ಜಾಗದಲ್ಲಿ, ಈ ಸಂಬಂಧ ಇನ್ನೊಂದು ಆರು ತಿಂಗಳು ಮುಂದೆ ಹೋದರೆ ಎಂಬ ಮಾತು ಅವಳ ಮನಸ್ಸಿನಲ್ಲಿ ಸಲೀಸಾಗಿ ಬಂದು ಕೂತಿತು. ತನ್ನದೇ ಮನಸ್ಸು, ತನ್ನದೇ ಮಗಳು. ಸುಂದರವ್ವ ನಡೆಯುತ್ತಲೇ ಎರಡೂ ಕೆನ್ನೆಗೆ ಫಟಫಟ ಹೊಡೆದುಕೊಂಡಳು. ಹೊಸ್ತಿಲಲ್ಲಿ ಕೂತ ಅಯ್ಯನವರು ಇನ್ನೂ ಜೋರಾಗಿ ತಲೆ ಅಲ್ಲಾಡಿಸಿದರು.

ಬಾಡಿಗೆಯ ಟ್ರ್ಯಾಕ್ಸು ಹನ್ನೊಂದೂವರೆಗೆ ಬಂತು. ಮಡಿವಾಳೆಪ್ಪ ಅಂಗಳದಲ್ಲಿ ತಂಬಿಗೆ ಹಿಡಿದು ಒಬ್ಬೊಬ್ಬರ ಕಾಲಿಗೆ ನೀರು ಕೊಟ್ಟ. ಹುಡುಗನ ತಂದೆ ಅಂದಾನೆಪ್ಪ ಮಾತ್ರ ಬೂಟು ಬಿಚ್ಚಿದವನು ಸಾಕ್ಸು ಬಿಚ್ಚಲಿಲ್ಲ. “ಇರ್ಲಿ ಬಿಡ್ರಿ ಬೀಗರ, ಥಂಡಿ ಐತಿ” ಎಂದು ಬೂದು ಸಾಕ್ಸಿನಲ್ಲೇ ಒಳಗೆ ಬಂದು ಜಮಖಾನೆಯ ಮೇಲೆ ಕೂತ. ವೈಶಾಖದಲ್ಲಿ ಥಂಡಿ. ಮಡಿವಾಳೆಪ್ಪ ಅಡಿಗೆಮನೆಗೆ ಬಂದು, “ಕಾಲಿಗೆ ನೀರು ಒಲ್ಲೆ ಅಂತಾನಲ್ಲ, ಕಲೆಕ್ಟರ್ ಸಾಹೇಬ” ಎಂದು ಹಲ್ಲು ಕಡಿದು ಹೋದ. ನೀರಿನ ತಟ್ಟೆ ಹಿಡಿದು ಹೋದ ಸುಂದರವ್ವನಿಗೆ ಬೀಗರ ಎಡಗಾಲಿನ ಸಾಕ್ಸು ತುದಿಯಲ್ಲಿ ಚಪ್ಪಟೆಯಾಗಿ ಮಡಚಿಕೊಂಡದ್ದು ಕಂಡಿತು. ಕಂಡದ್ದು ಹಾಗೆಯೇ ಮರೆತೂ ಹೋಯಿತು, ಏಕೆಂದರೆ ಬಾಳವ್ವನ ಮಡಿಲಲ್ಲಿ ದೊಡ್ಡದೊಂದು ಸ್ಟೀಲಿನ ಡಬ್ಬಿ ಇತ್ತು. “ಮಾದಲಿ ರೀ ಅಕ್ಕಾರ” ಎಂದಳು ಬಾಳವ್ವ, ಎಲ್ಲರಿಗೂ ಕೇಳುವಂತೆ. “ನಿಮ್ಮ ಹರಕಿ ನಾನ ನನ್ನ ಕೈಯಾರೆ ಬಿಡಸಬೇಕಂತ ಬೆಲ್ಲಾ ಹಾಕಿ, ತುಪ್ಪಾ ಹಾಕಿ ಮಾಡಿಕೊಂಡ ಬಂದೇನಿ.” ಕೂತ ಹೆಂಗಸರೆಲ್ಲ ಸುಂದರವ್ವನ ಬಾಯಿಯ ಕಡೆ ನೋಡಿದರು. ಆ ಡಬ್ಬಿ ಅವಳಿಗೆ ಬಚ್ಚಲ ಮೂಲೆಯ ಇರುವೆಗಳನ್ನು ನೆನಪಿಸಿತು.

ಮಾತುಕತೆ ಬೇಗ ಮುಗಿಯಿತು. ಹೊರಗೆ ಯಾರೋ ಇನ್ನೇನು, ಬಾಯಿ ಸೀ ಮಾಡಿಬಿಡ್ರಿ ಎಂದರು. ಸುಂದರವ್ವ ಅಡಿಗೆಮನೆಯಲ್ಲಿ ಡಬ್ಬಿಗಳ ಸಾಲಿನ ಮುಂದೆ ನಿಂತು ತಾನು ಏನು ಹುಡುಕುತ್ತಿದ್ದೇನೆಂಬುದನ್ನೇ ಮರೆತಿದ್ದಳು. ಸಾಸಿವೆ ಡಬ್ಬಿಯ ಮುಚ್ಚಳ ತೆಗೆದರೆ ಸಾಸಿವೆಯ ಮೇಲೆ ಗುಳಿಗೆಯ ಬೆಳ್ಳಿಹಾಳೆ ಹೊಳೆಯಿತು, ಗಡಬಡಿಸಿ ಮುಚ್ಚಿದಳು. ತಿರುಗಿದರೆ ಬಾಗಿಲಲ್ಲಿ ಬಾಳವ್ವ ನಿಂತಿದ್ದಳು, ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ. ಎಷ್ಟು ಹೊತ್ತಿನಿಂದ ನಿಂತಿದ್ದಾಳೋ.

“ಅಕ್ಕಾರ, ಸಕ್ಕರಿ ಐತೇನ್ರಿ?”

ಎರಡು ವರ್ಷದಿಂದ ಕನಸಿನಲ್ಲಿ ಬೇರೆ ಬೇರೆಯವರು ಬಂದು ಕೇಳಿದ ಪ್ರಶ್ನೆ. ಕನಸಿನಲ್ಲಿ ಅವಳು ಇಲ್ಲ ಎನ್ನುತ್ತಿದ್ದಳು. ಈಗ “ಐತ್ರಿ” ಎಂದಳು. “ಎರಡ ವರ್ಷ ಆತು. ನಿಮಗ ಯಾರು ಹೇಳಿದರೋ ಗೊತ್ತಿಲ್ಲ, ಹೇಳಿದ್ದು ಖರೇನ ಐತಿ. ಹರಕಿ ಅಲ್ಲ, ಏನೂ ಅಲ್ಲ. ಡಾಕ್ಟರು ನಡಿ ಅಂದರು, ಅದಕ್ಕ ಗುಡಿ ಸುತ್ತತೇನಿ. ಸೀ ಬಿಡು ಅಂದರು, ಬಿಟ್ಟೇನಿ. ಮದಲ ಎರಡನೂರಾ ಎಪ್ಪತ್ತಿತ್ತು, ಈಗ ನೂರಾ ಮೂವತ್ತೈತಿ. ಹುಡುಗಿದು ಏನೂ ತಪ್ಪಿಲ್ರಿ, ಆಕಿಗೆ ಗೊತ್ತ ಸೈತ ಇಲ್ಲ.”

“ನಾ ಕೇಳಿದ್ದು ಡಬ್ಬ್ಯಾಗಿನ ಸಕ್ಕರಿರಿ” ಎಂದಳು ಬಾಳವ್ವ. “ಹೊರಗ ತಾಟು ಖಾಲಿ ಐತಿ.”

ಹಿತ್ತಲ ಬಾಗಿಲಲ್ಲಿ ಬಳೆಯ ಸದ್ದಾಯಿತು. ರೇಶಿಮೆ ಸೀರೆಯ ಮಧು ಅಲ್ಲಿಂದಲೇ ತಾಯಿಯನ್ನು ನೋಡುತ್ತಿದ್ದಳು. “ಅಂದ್ರ ನನ್ನ ಸಲುವಾಗಿ ಅಲ್ಲೇನವಾ?” ಎಂದಳು. ಎಲ್ಲಿಂದ ಎಲ್ಲಿಯವರೆಗೆ ಮಗಳ ಸಲುವಾಗಿ, ಎಲ್ಲಿಂದ ತನ್ನ ಸಲುವಾಗಿ ಎಂದು ಸುಂದರವ್ವ ಎಂದೂ ಬಿಡಿಸಿ ನೋಡಿರಲಿಲ್ಲ. ಮಧು ಮೂಗು ಏರಿಸಿ, “ಎರಡ ವರ್ಷ ನಾ ಕಹಿ ಚಾ ಕುಡದೇನಲ್ಲ” ಎಂದಳು. ಅದು ಅಳುವೋ ನಗುವೋ ಅವಳಿಗೂ ತಿಳಿದಂತಿರಲಿಲ್ಲ.

ಬಾಳವ್ವ ಅಡಿಗೆಮನೆಯ ಬಾಗಿಲು ಮುಂದೆ ಮಾಡಿದಳು. ಆಯಿತು, ಎಂದುಕೊಂಡಳು ಸುಂದರವ್ವ. ಈಗ ಮೆಲ್ಲಗೆ, ಮರ್ಯಾದೆಯಿಂದ ಒಲ್ಲೆ ಎನ್ನುತ್ತಾಳೆ, ಒಳ್ಳೆಯ ಹೆಂಗಸು. ಬಾಳವ್ವ ಕಾಲು ಚಾಚಿ ನೆಲಕ್ಕೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು. “ನಮ್ಮನಿಯವರ ಕಾಲ ನೋಡಿದ್ರೇನು?” ಎಂದಳು. “ಸಾಕ್ಸ್ ಯಾಕ ತಗದಿಲ್ಲ ಅನಕೊಂಡ್ರಿ? ಹ್ವಾದ ಮಳಿಗಾಲಕ್ಕ ಕಾಲಿನ ಒಂದ ಬಟ್ಟು ಹುಬ್ಬಳ್ಳಿ ದವಾಖಾನ್ಯಾಗ ಕೊಯ್ಸಿ ಬಿಟ್ಟ ಬಂದಾರ. ಜಾಲಿ ಮುಳ್ಳ ಮುರದದ್ದು ಗೊತ್ತ ಆಗಲಿಲ್ಲ ಅವರಿಗೆ, ಎಂಟ ದಿನಾ ಹಂಗ ಹೊಲಕ್ಕ ಅಡ್ಡ್ಯಾಡಿದರು. ಹತ್ತ ವರ್ಷದ ಸಕ್ಕರಿ. ತಂದಿಗೆ ಐತಿ, ಮಗಗೂ ಬರತೈತಿ ಅಂತ ನೀವ ಒಲ್ಲೆ ಅಂತೀರಿ ಅಂತ ನಾನ ಸಾಕ್ಸ್ ಹಾಕಿಸಿ ಕರಕೊಂಡ ಬಂದೇನಿ.”

ಮಗನಿಗೂ ಬರುತ್ತದೆ. ಸುಂದರವ್ವನ ಮನಸ್ಸು ಆ ಮಾತನ್ನು ಕೈಗೆತ್ತಿಕೊಂಡು ಒಂದು ಗಳಿಗೆ ತೂಗಿಯೂ ನೋಡಿತು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವಂತೆ. ಹುಡುಗ ಮಾಸ್ತರನೇನೋ ಹೌದು, ಆದರೆ. ಒಂದು ನಿಮಿಷದ ಹಿಂದೆ ತಾನೇ ತಕ್ಕಡಿಯಲ್ಲಿ ಕೂತಿದ್ದವಳು ಈಗ ತಕ್ಕಡಿ ಹಿಡಿದದ್ದನ್ನು ಕಂಡು ಅವಳಿಗೆ ನಗು ಬಂತು, ತಡೆಯಲು ಹೋಗಿ ಮೂಗಿನಿಂದ ಹೊರಬಿತ್ತು. ಬಾಳವ್ವನೂ ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡು, “ನೂರಾ ಮೂವತ್ತಕ್ಕ ಹೆಂಗ ಇಳಿಸಿದ್ರಿ?” ಎಂದು ಕೇಳಿದಳು, ಕಸೂತಿಯ ಎಳೆ ಕೇಳುವ ದನಿಯಲ್ಲಿ.

“ಗುಳಿಗಿ ಒಂದು. ರೊಟ್ಟಿ ಎರಡ, ತೆಳ್ಳಗ. ಮದಲ ಹಸಿ ಸೊಪ್ಪು, ಸೌತಿಕಾಯಿ, ಕಾಳಪಲ್ಲೆ. ಹೊಟ್ಟಿ ಅರ್ಧಾ ತುಂಬಿದ ಮ್ಯಾಲೆ ರೊಟ್ಟಿ.”

“ನಮ್ಮವರು ರೊಟ್ಟಿ ನಾಕ ಉಂಡು, ಕಡೀಕ ಅನ್ನ ಬ್ಯಾಡ ಅಂತಾರ. ತ್ಯಾಗ ಅದು. ನಡೀರಿ ಅಂದರ ಗಾಡಿ ಚಾಲೂ ಮಾಡತಾರ.”

“ಗುಡಿಗೆ ಹಚ್ಚರಿ.”

“ಗಣಮಕ್ಕಳು ಗುಡಿ ಸುತ್ತಿದರ ಮಂದಿ ಏನೋ ಪಾಪ ಮಾಡ್ಯಾನಂತಾರ್ರಿ.”

ಹೊರಗಿನಿಂದ ಮಡಿವಾಳೆಪ್ಪ ಸಕ್ಕರಿ ತರ್ರೆಲಾ ಎಂದು ಎರಡನೆಯ ಸಲ ಕೂಗಿದ. ಮಧು ಡಬ್ಬಿ ತೆಗೆದು ತಾಟಿನ ತುಂಬ ಸುರಿದಳು. ಸಿಟ್ಟಿನಿಂದಲೋ ಸಂತೋಷದಿಂದಲೋ, ಬೇಕಾದದ್ದಕ್ಕಿಂತ ಎರಡು ಪಟ್ಟು. ಪಡಸಾಲೆಯಲ್ಲಿ ಎಲ್ಲರೂ ನೋಡುತ್ತಿದ್ದಂತೆ ಬಾಳವ್ವ ತಾಟಿಗೆ ಕೈಯಿಟ್ಟು, ಬೆರಳು ಕೂಡಿಸಿ, ಎತ್ತಿ ಸುಂದರವ್ವನ ಬಾಯಿಗೆ ಒತ್ತಿದಳು. ಬೆರಳುಗಳ ನಡುವೆ ಏನೂ ಇರಲಿಲ್ಲ. ಸ್ವಲ್ಪ ವಿಭೂತಿಯ ವಾಸನೆ, ಸ್ವಲ್ಪ ಬೆವರಿನ ಉಪ್ಪು. ಸುಂದರವ್ವ ಆ ಇಲ್ಲದ ಸಕ್ಕರೆಯನ್ನು ಜಗಿದು ನುಂಗಿದಳು, ತಾನೂ ಬರಿಬೆರಳನ್ನು ಬೀಗತಿಯ ಬಾಯಿಗೆ ತಾಗಿಸಿದಳು. ಮಾದಲಿ ತಿನಿಸ್ರಿ, ಹರಕಿ ಬಿಡಸ್ರಿ ಎಂದು ಹೆಂಗಸರು ಗದ್ದಲ ಮಾಡಿದರೆ ಬಾಳವ್ವ ಡಬ್ಬಿಯನ್ನು ಅವರ ಕಡೆಗೇ ನೂಕಿ, “ಹರಕಿ ಲಗ್ನದ್ದು ಐತೆವಾ. ಅಕ್ಕಿಕಾಳ ಬೀಳೂತನಕ ನಡೀತೈತಿ. ನೀವ ತಿನ್ರಿ” ಎಂದಳು. ಲಗ್ನಕ್ಕೆ ಇನ್ನೊಂದು ತಿಂಗಳಿತ್ತು, ಅಷ್ಟು ಮುದ್ದತು ಸಿಕ್ಕಿತು. ಆದರೆ ಅತ್ತ ಗಂಡಸರ ಸಾಲಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಕಾಲಿಗೆ ನೀರು ಒಲ್ಲೆನೆಂದವನ ಮೇಲೆ ಇದ್ದ ಸಿಟ್ಟನ್ನೆಲ್ಲ ಉದಾರತನದಲ್ಲಿ ತೀರಿಸಿಕೊಳ್ಳುವವನಂತೆ ಮಡಿವಾಳೆಪ್ಪ ಮುಷ್ಟಿ ತುಂಬ ಸಕ್ಕರೆ ತೆಗೆದು ಅಂದಾನೆಪ್ಪನ ಬಾಯಿಗೆ ಸುರಿದ. ಅಂದಾನೆಪ್ಪ ಒಮ್ಮೆ ಹೆಂಡತಿಯ ಕಡೆ ನೋಡಿದ. ಶಾಸ್ತ್ರ, ಏನು ಮಾಡಲಿ, ಎನ್ನುವ ನೋಟ. ಆಮೇಲೆ ಕಣ್ಣು ಮುಚ್ಚಿ, ಮೀಸೆಯ ಮೇಲೆ ಉದುರಿದ್ದನ್ನೂ ನಾಲಿಗೆಯಿಂದ ಒಳಗೆಳೆದುಕೊಂಡು, ಹತ್ತು ವರ್ಷದ ಹಸಿವಿನಿಂದ ಜಗಿದ. ಆ ಮುಖದ ಮೇಲಿದ್ದ ಆನಂದ ಸುಂದರವ್ವನಿಗೆ ಗೊತ್ತಿತ್ತು. ಕಾಳಿನ ಕೋಣೆಯ ಬಾಗಿಲ ಹಿಂದೆ ತಾನೂ ಹೀಗೇ ಕಾಣುತ್ತಿರಬೇಕು. ಬಾಳವ್ವ ಅವಳ ಕಿವಿಯ ಹತ್ತಿರ ಬಗ್ಗಿ, “ಇವರನ್ನ ಇವತ್ತ ಸವದತ್ತಿ ತನಕ ನಡಸಕೊಂಡ ಹೋಗತೇನಿ” ಎಂದಳು, ಗಂಡನ ಮೇಲಿನ ಕಣ್ಣು ತೆಗೆಯದೆ.

ಮರುದಿನ ಬೆಳಿಗ್ಗೆ ಸುಂದರವ್ವ ಎಂದಿನಂತೆ ಗುಡಿಗೆ ಹೋದಳು. ಮನೆಯಿಂದ ಹೊರಡುವಾಗ ಮಧು ತನ್ನ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ, ತಾಯಿಯ ಮುಖ ನೋಡುತ್ತ ಶಬ್ದ ಮಾಡಿ ಕುಡಿದು, ಥೂ ಇಷ್ಟ ಸೀ ಇರತೈತೇನ ಇದು ಎಂದು ಅರ್ಧಕ್ಕೇ ಇಟ್ಟಿದ್ದಳು. ಅಯ್ಯನವರು ಹೊಸ್ತಿಲಲ್ಲಿ ಹೂ ಬಿಡಿಸುತ್ತ ಕೂತಿದ್ದರು. “ಸಕ್ಕರಿ ಕಾರ್ಯ ಆತಂತ ಕೇಳಿದೆ ತಂಗೀ” ಎಂದರು. “ಹರಕಿ ಮುಟ್ಟಿತಲ್ಲ. ಇನ್ನ ಯಾಕ ಕಾಲ ಸವಸತಿ?” ಲಗ್ನದ ತನಕ ಎಂದು ಬಾಳವ್ವ ಕೊಟ್ಟ ಮುದ್ದತು ನಾಲಿಗೆಯ ತುದಿಯಲ್ಲೇ ಇತ್ತು. ಅದಾದ ಮೇಲೆ ಮೊಮ್ಮಗುವಿನ ಹರಕೆ, ಅದಾದ ಮೇಲೆ ಮೊಮ್ಮಗುವಿನ ಜಾವಳದ್ದು. ಐವತ್ತೊಂದಕ್ಕಾದರೂ ಕೊನೆ ಇತ್ತು, ಇದಕ್ಕೆ ಎಲ್ಲಿ. ನಿನ್ನೆ ಒಂದು ಸಲ ಬಾಯಿಬಿಟ್ಟ ಮೇಲೆ ಆ ಮಾತು ಅಷ್ಟೇನೂ ಭಾರ ಅನ್ನಿಸಲಿಲ್ಲ.

“ನನಗ ಸಕ್ಕರಿ ಐತ್ರಿ ಅಜ್ಜಾರ” ಎಂದಳು.

ಅಯ್ಯನವರು ಹೂವಿನ ಬುಟ್ಟಿ ಬದಿಗಿಟ್ಟರು. ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಎಡಗೈಯ ಮೇಲೆ ಬಲಗೈಯಿಟ್ಟು, ಅಂಗೈ ಗುಳಿ ಮಾಡಿ ಚಾಚಿದರು. “ಐತಿ ಅಂದ ಮ್ಯಾಲೆ ತಾ ಮತ್ತ. ಇಂಥಾ ಸುದ್ದಿಗೆ ಬಾಯಿ ಸೀ ಮಾಡಬೇಕಲ್ಲ.”

ಸುಂದರವ್ವ ಆ ಅಂಗೈಯನ್ನು ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಒಂದು ಕಾಳು ಹೆಕ್ಕಿ, ಅದರ ನಡುವೆ ಇಟ್ಟಳು. ಅಯ್ಯನವರು ಕಣ್ಣು ಮುಚ್ಚಿ ಹಣೆಗೆ ಮುಟ್ಟಿಸಿ ಬಾಯಿಗೆ ಹಾಕಿಕೊಂಡರು. ಅವಳು ನಿಲ್ಲಲಿಲ್ಲ. ಮೊದಲ ಸುತ್ತು ಮುಗಿಸಿ ಬೇವಿನ ನೆರಳು ದಾಟಿ ಎದುರಿಗೆ ಬಂದಾಗ ಅಯ್ಯನವರು ಇನ್ನೂ ಜಗಿಯುತ್ತಲೇ ಇದ್ದರು. ತಲೆ ಮಾತ್ರ ಅಲ್ಲಾಡಿಸಲಿಲ್ಲ.